ಉಪ್ಪುಗಾಳಿ ತಿಂದ ಎಸ್ಟೀಮ್ ಆಟೋಕ್ರಾಸ್‌ಗೆ: ಮೊದಲ ಖರ್ಚು ಎಲ್ಲಿ ಹಾಕಲಿ?

ಉಪ್ಪುಗಾಳಿ_30 ಕೇಳಿದ್ದು:

ಗಾಡಿ 2004ರ ಮಾರುತಿ ಎಸ್ಟೀಮ್ ವಿಎಕ್ಸ್‌ಐ. 1298 ಸಿಸಿ, ಜಿ13ಬಿಬಿ ಇಂಜಿನ್, 1 ಲಕ್ಷದ 18 ಸಾವಿರ ಕಿ.ಮೀ. ಓಡಿದೆ. ಮೊದಲಿನಿಂದಲೂ ಕಾರವಾರದ್ದೇ, ನಿಲ್ಲೋದು ಸಮುದ್ರದಿಂದ ಒಂದು ಕಿಲೋಮೀಟರ್ ಒಳಗೆ. ಆರ್‌ಸಿ 2029ರವರೆಗೆ ರಿನ್ಯೂ ಆಗಿದೆ. ಸ್ಪೋರ್ಟ್ಸ್ ಕಾರ್ ಅಂದ್ರೆ ಎರಡೇ ಬಾಗಿಲು ಇರಬೇಕು ಅನ್ನೋರು ದಯವಿಟ್ಟು ಈ ಥ್ರೆಡ್ ಬಿಟ್ಟುಬಿಡಿ. 900 ಕೆಜಿ ಆಸುಪಾಸು ತೂಕ, 85 ಬಿಎಚ್‌ಪಿ, 16 ವಾಲ್ವ್, ನಮ್ಮ ರ‍್ಯಾಲಿಗಳಲ್ಲಿ ವರ್ಷಗಟ್ಟಲೆ ಧೂಳು ಕುಡಿದ ಗಾಡಿ ಇದು.

ಮಳೆಗಾಲ ಮುಗಿದ ಮೇಲೆ ಮಣ್ಣಿನ ಟ್ರ್ಯಾಕಿನ ಆಟೋಕ್ರಾಸ್‌ಗೆ (ಕೋನ್ ಇಟ್ಟು ಗುರುತಿಸಿದ ಚಿಕ್ಕ ದಾರಿಯಲ್ಲಿ ಸಮಯ ಅಳೆಯೋ ಓಟ) ಇಳಿಸಬೇಕು. ಬಜೆಟ್ 80 ಸಾವಿರ. ಅಂದುಕೊಂಡಿರೋದು ಇಷ್ಟು: ಓಪನ್ ಕೋನ್ ಫಿಲ್ಟರ್ (ಡಬ್ಬಿ ಇಲ್ಲದ, ಶಂಕುವಿನಾಕಾರದ ಏರ್ ಫಿಲ್ಟರ್), ಹೆಡರ್ (ಇಂಜಿನ್‌ನಿಂದ ಹೊಗೆ ಹೊರಡೋ ಮೊದಲ ಪೈಪುಗಳು) ಸಮೇತ ಫ್ರೀ ಫ್ಲೋ ಎಕ್ಸಾಸ್ಟ್, 40 ಮಿ.ಮೀ. ಲೋವರಿಂಗ್ ಸ್ಪ್ರಿಂಗ್ (ಗಾಡಿ ತಗ್ಗಿಸೋದು), 15 ಇಂಚಿನ ಸೆಕೆಂಡ್ ಹ್ಯಾಂಡ್ ಅಲಾಯ್ ರಿಮ್. ಮನೆ ಬಳಕೆಗೂ ಇದೇ ಗಾಡಿ, ಸ್ಪರ್ಧೆ ಇರೋ ಊರಿಗೆ ಓಡಿಸಿಕೊಂಡೇ ಹೋಗಬೇಕು, ವಾಪಸ್ಸೂ ಬರಬೇಕು. ಯಾವುದು ಮೊದಲು, ಯಾವುದು ದಂಡ, ಹೇಳಿ.

ಹತ್ತೊಂಬತ್ತರ_ಸ್ಪ್ಯಾನರ್:

ನಾಲ್ಕೂ ದಂಡ. ಬೇಜಾರಾಗಬೇಡಿ, ಕಾರಣ ಹೇಳ್ತೇನೆ.

ಆಟೋಕ್ರಾಸ್ ಓಟ ಅಂದ್ರೆ ಒಂದು, ಒಂದೂವರೆ ನಿಮಿಷ. ಅಷ್ಟೂ ಹೊತ್ತು ಹೆಚ್ಚುಕಡಿಮೆ ಸೆಕೆಂಡ್ ಗೇರ್. ಹೆಡರ್, ಎಕ್ಸಾಸ್ಟ್ ಕೊಡೋ ನಾಲ್ಕೈದು ಬಿಎಚ್‌ಪಿ ಮೇಲಿನ ಆರ್‌ಪಿಎಂನಲ್ಲಿ ಬರುತ್ತೆ. ಕೋನ್‌ನಿಂದ ಕೋನ್‌ಗೆ ಎಳೆಯೋಕೆ ಬೇಕಾದದ್ದು ಮೂರರಿಂದ ಐದು ಸಾವಿರದ ನಡುವಿನ ಎಳೆತ. ಕೋನ್ ಫಿಲ್ಟರ್ ಇನ್ನೂ ಕೆಟ್ಟದ್ದು. ರೇಡಿಯೇಟರ್ ಹಿಂದಿನ ಬಿಸಿ ಗಾಳಿಯನ್ನೇ ಎಳೆಯುತ್ತೆ, ಅದರ ಜೊತೆ ನಮ್ಮ ಕೆಂಪು ಚಿರೆಕಲ್ಲಿನ ಧೂಳೂ ಒಳಗೆ. ಆ ಧೂಳು ಟಾಲ್ಕಂ ಪೌಡರಿನಷ್ಟು ಸಣ್ಣ, ರಿಂಗ್‌ಗೆ ಉಪ್ಪುಕಾಗದ ಉಜ್ಜಿದ ಹಾಗೆ. ಕಂಪನಿ ಏರ್‌ಬಾಕ್ಸ್ ಇರಲಿ, ಹೊಸ ಪೇಪರ್ ಫಿಲ್ಟರ್ ಹಾಕಿ, ಅಂಚಿನ ರಬ್ಬರ್ ಸೀಲ್ ಸುತ್ತ ಬೆರಳು ಓಡಿಸಿ ನೋಡಿ. ಒಂದು ದಿನ ಓಡಿದ ಮೇಲೆ ಫಿಲ್ಟರ್ ತೆಗೆದು, ಥ್ರಾಟಲ್ ಕಡೆಯ ಪೈಪಿನೊಳಗೆ ಬಿಳಿ ಬಟ್ಟೆ ಒರೆಸಿ. ಬಟ್ಟೆ ಕೆಂಪಾದರೆ ಸೀಲ್ ಹೋಗಿದೆ.

ಈಗ ನಿಜವಾದ ವಿಷಯ. ಇಪ್ಪತ್ತು ವರ್ಷ ಕಾರವಾರದಲ್ಲಿ ನಿಂತ ಗಾಡಿಗೆ ಸಸ್ಪೆನ್ಷನ್ ಗಟ್ಟಿ ಮಾಡೋದು ಅಂದ್ರೆ, ಒರಲೆ ತಿಂದ ತೊಲೆಗೆ ಹೊಸ ಹೆಂಚು ಹೊದಿಸಿದ ಹಾಗೆ. ಸ್ಪ್ರಿಂಗ್ ಎಷ್ಟು ಗಡಸೋ ಅಷ್ಟು ಹೊಡೆತ ಸೀದಾ ತಗಡಿಗೆ ಹೋಗುತ್ತೆ. ಮೊದಲು ಗಾಡಿ ಎತ್ತಿ, ನಾಲ್ಕು ಸ್ಟ್ಯಾಂಡ್ ಮೇಲೆ ಕೂರಿಸಿ, ಒಂದು ಸಣ್ಣ ಸುತ್ತಿಗೆ ಮತ್ತು ಹಳೇ ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಹೋಗಿ. ಒಳ್ಳೆ ತಗಡು ಟಣ್ ಅನ್ನುತ್ತೆ, ತುಕ್ಕು ತಿಂದದ್ದು ಒದ್ದೆ ರಟ್ಟಿನ ಹಾಗೆ ದಪ್ ಅನ್ನುತ್ತೆ. ದಪ್ ಅಂದ ಕಡೆ ಸ್ಕ್ರೂಡ್ರೈವರ್ ಒತ್ತಿ.

ಬಾಗಿಲ ಕೆಳಗಿನ ಸಿಲ್‌ನಿಂದ ಶುರು ಮಾಡಿ, ಅದರಲ್ಲೂ ಹಿಂದಿನ ಚಕ್ರದ ಎದುರಿನ ಒಂದು ಅಡಿ. ಸಿಲ್‌ನ ಕೆಳಗೆ ನೀರು ಇಳಿಯೋಕೆ ಸಣ್ಣ ತೂತುಗಳಿರುತ್ತವೆ. ಕೆಂಪು ಮಣ್ಣು ಕೂತು ಅವು ಮುಚ್ಚಿದ್ದರೆ ಒಳಗೆ ಮಳೆಗಾಲದ ನೀರು ದೀಪಾವಳಿವರೆಗೂ ಇರುತ್ತೆ. ಆಮೇಲೆ ಜ್ಯಾಕ್ ಕೊಡೋ ಜಾಗ, ಲೋವರ್ ಆರ್ಮ್ ಬಾಡಿಗೆ ಕೂರೋ ಬ್ರ್ಯಾಕೆಟ್, ಹಿಂದಿನ ಆರ್ಮ್‌ಗಳ ಮೌಂಟ್, ಪೆಟ್ರೋಲ್ ಟ್ಯಾಂಕಿನ ಪಟ್ಟಿ, ಅದರ ಪಕ್ಕದಲ್ಲೇ ಹೋಗೋ ಬ್ರೇಕ್ ಪೈಪ್. ಬಾನೆಟ್ ತೆಗೆದು ಸ್ಟ್ರಟ್ ಟವರಿನ (ಮುಂದಿನ ಸಸ್ಪೆನ್ಷನ್‌ನ ಮೇಲ್ತುದಿ ಬಾಡಿಗೆ ಕೂರೋ ಜಾಗ) ಸುತ್ತ ಸೀಲರ್ ಬಿರುಕು ಬಿಟ್ಟಿದೆಯಾ ನೋಡಿ. ಬಿರುಕಿನಿಂದ ಕಂದು ಗೆರೆ ಇಳಿದಿದ್ದರೆ ಸೀಲರ್ ಕೆರೆದು ಒಳಗೆ ನೋಡಲೇಬೇಕು. ಚಾಲಕನ ಕಾಲಡಿ ಕಾರ್ಪೆಟ್ ಎತ್ತಿ ನೋಡೋದು ಮರೀಬೇಡಿ.

ತೂತು ಸಿಕ್ಕರೆ ಟಿಂಕರಿಂಗ್‌ನವರು ಮೇಲಿಂದ ತಗಡಿಟ್ಟು ಪ್ಯಾಚ್ ಹೊಡೆಯೋಕೆ ನೋಡ್ತಾರೆ. ಬೇಡ ಅನ್ನಿ. ಒಳ್ಳೆ ತಗಡು ಸಿಗೋವರೆಗೆ ಕತ್ತರಿಸಿ, 1 ಮಿ.ಮೀ. ತಗಡನ್ನು ಅದೇ ಆಕಾರಕ್ಕೆ ಬಗ್ಗಿಸಿ, ಅಂಚಿಗೆ ಅಂಚು ಸೇರಿಸಿ ಮಿಗ್ ವೆಲ್ಡ್ ಮಾಡಿಸಿ. ಆರ್ಮ್ ಮೌಂಟ್ ಇರೋ ಕಡೆ 1.6 ಇರಲಿ. ಒಂದೇ ಸಮನೆ ಎಳೆದರೆ ತಗಡು ಸೊಟ್ಟಗಾಗುತ್ತೆ, ಚುಕ್ಕೆ ಚುಕ್ಕೆಯಾಗಿ ಹಾಕಿಸಿ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿಯ ಎರಡೂ ತಂತಿ ಬಿಚ್ಚಿ, ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಕನೆಕ್ಟರ್ ತೆಗೆದಿಡಿ, ಅರ್ತ್ ಕ್ಲಿಪ್ ವೆಲ್ಡಿನ ಪಕ್ಕದಲ್ಲೇ ಹಾಕಿಸಿ. ಟ್ಯಾಂಕಿನ ಹತ್ತಿರ ಕೆಲಸ ಇದ್ದರೆ ಟ್ಯಾಂಕ್ ಇಳಿಸಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಮೇಲೆ ಎಪಾಕ್ಸಿ ಪ್ರೈಮರ್, ಸೀಮ್ ಸೀಲರ್, ಟೊಳ್ಳು ಜಾಗಗಳೊಳಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್. ಕಪ್ಪು ರಬ್ಬರ್ ಅಂಡರ್‌ಕೋಟಿಂಗನ್ನು ತುಕ್ಕಿನ ಮೇಲೆ ಬಳಿಸಬೇಡಿ. ಅದು ಒದ್ದೆಯನ್ನು ಒಳಗೇ ಹಿಡಿದಿಡುತ್ತೆ, ಎರಡು ವರ್ಷ ಚೆಂದ ಕಾಣುತ್ತೆ, ಮೂರನೇ ವರ್ಷ ಹಾಳೆ ಹಾಳೆಯಾಗಿ ಕೈಗೆ ಬರುತ್ತೆ.

ಅರ್ಧ ಬಜೆಟ್ ಇಲ್ಲೇ ಹೋಗಬಹುದು. ಹೋಗಲಿ.

ಘಟ್ಟದಮೇಲೆ_31:

ಸ್ಪ್ಯಾನರ್ ಹೇಳಿದ್ದು ಸರಿ. ತಗಡು ಗಟ್ಟಿಯಾಯ್ತು ಅಂತ ಇಟ್ಟುಕೊಂಡು ಮುಂದಿನದು ಹೇಳ್ತೇನೆ.

ಟೈರ್ ಲೆಕ್ಕ ನೋಡಿ. 175/70 ಆರ್13ರ ಒಟ್ಟು ವ್ಯಾಸ 575 ಮಿ.ಮೀ. ನೀವು ಹೇಳಿದ 15 ಇಂಚಿಗೆ 195/50 ಹಾಕಿದರೆ 576. ಗೇರಿಂಗ್‌ನಲ್ಲಿ ಏನೂ ಬದಲಾಗಲ್ಲ, ಆದರೆ ಟೈರಿನ ಗೋಡೆ 122ರಿಂದ 97ಕ್ಕೆ ಇಳಿಯುತ್ತೆ. ಮಣ್ಣಿನಲ್ಲಿ ಹುಗಿದ ಒಂದು ಕಲ್ಲು ಸಾಕು, ರಿಮ್ ಬಾಗುತ್ತೆ. ಮೇಲಾಗಿ ಅಗಲ ಟೈರ್ ಸಡಿಲ ಮಣ್ಣಿನ ಮೇಲೆ ತೇಲುತ್ತೆ, ಸಣ್ಣದು ಕೊಯ್ದುಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತೆ. 13 ಇಂಚಿನ ಸ್ಟೀಲ್ ರಿಮ್ಮೇ ಇರಲಿ. ಬಾಗಿದರೆ ಸುತ್ತಿಗೆಯಲ್ಲಿ ನೇರ ಮಾಡಬಹುದು, ಅಲಾಯ್ ಒಡೆಯುತ್ತೆ. ಸ್ಪರ್ಧೆಗೆಂದೇ ಎರಡನೇ ಸೆಟ್ ಮಾಡೋದಾದರೆ 165/65 ಆರ್13 ಯೋಚಿಸಿ. ವ್ಯಾಸ 545, ಅಂದರೆ ಶೇ. 5ರಷ್ಟು ಕಡಿಮೆ, ಫೈನಲ್ ಡ್ರೈವ್ ಮುಟ್ಟದೆ ಗೇರ್ ಅಷ್ಟು ಗಿಡ್ಡವಾದ ಹಾಗೆ. ಹೆಡರ್ ಕೊಡೋದಕ್ಕಿಂತ ಇದರ ಎಳೆತ ಜಾಸ್ತಿ. ಗ್ರೌಂಡ್ ಕ್ಲಿಯರೆನ್ಸ್ 15 ಮಿ.ಮೀ. ಹೋಗುತ್ತೆ, ಅದಕ್ಕೇ ಲೋವರಿಂಗ್ ಇನ್ನೂ ಬೇಡ.

ಸೆಕೆಂಡ್ ಹ್ಯಾಂಡ್ ಅಲಾಯ್ ಬಗ್ಗೆ ಇನ್ನೊಂದು. ಸುಜುಕಿ ಸ್ಟಡ್ 12x1.25 ಥ್ರೆಡ್. ಹೋಂಡಾ, ಹ್ಯುಂಡೈ ನಟ್‌ಗಳು 12x1.5. ಎರಡು ಸುತ್ತು ಹತ್ತುತ್ತೆ, ಆಮೇಲೆ ವೀಲ್ ಗನ್ ಹೊಡೆದರೆ ಸ್ಟಡ್ ಥ್ರೆಡ್ಡೇ ಹಾರಿಹೋಗುತ್ತೆ. ನಟ್ ಯಾವಾಗಲೂ ಕೈಯಲ್ಲಿ ಕೊನೆವರೆಗೆ ತಿರುಗಬೇಕು.

40 ಮಿ.ಮೀ. ಇಳಿಸಿದರೆ ಏನಾಗುತ್ತೆ: ಲೋವರ್ ಆರ್ಮ್ ಈಗ ನೆಲಕ್ಕೆ ಹೆಚ್ಚುಕಡಿಮೆ ಸಮಾಂತರ ಇದೆ. ಇಳಿಸಿದಾಗ ಅದರ ಹೊರ ತುದಿ ಮೇಲಾಗುತ್ತೆ. ಸ್ಟ್ರಟ್ ಸಸ್ಪೆನ್ಷನ್‌ನಲ್ಲಿ ಆಗ ರೋಲ್ ಸೆಂಟರ್ (ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತೋ ಅದು) ಗಾಡಿಗಿಂತ ಬೇಗ ಕೆಳಗೆ ಹೋಗಿಬಿಡುತ್ತೆ. ಗಾಡಿ ಇಳಿದರೂ ವಾಲೋದು ಜಾಸ್ತಿ. ಟೈ ರಾಡ್ ಕೋನ ಬದಲಾಗಿ ಹೊಂಡಕ್ಕೆ ಬಿದ್ದಾಗೆಲ್ಲ ಸ್ಟಿಯರಿಂಗ್ ತಾನೇ ಎಳೆಯುತ್ತೆ. ಬಂಪ್ ಸ್ಟಾಪ್ ಹತ್ತಿರವಾಗಿ ಮಣ್ಣಿನ ಏರುತಗ್ಗಿನಲ್ಲಿ ಚಕ್ರ ನೆಲ ಬಿಡುತ್ತೆ. ಸ್ಪ್ರಿಂಗ್ ಕತ್ತರಿಸೋ ಐಡಿಯಾ ಯಾರಾದರೂ ಕೊಟ್ಟರೆ ಅದಕ್ಕೂ ಲೆಕ್ಕ ಹೇಳಿ: ಆರು ಸುತ್ತಿನಲ್ಲಿ ಒಂದು ಸುತ್ತು ತೆಗೆದರೆ ಉಳಿದದ್ದು ಶೇ. 20 ಗಡಸು. ಆದರೆ ಉದ್ದ ಸಾಲದೆ, ಚಕ್ರ ಪೂರ್ತಿ ಕೆಳಗಿಳಿದಾಗ ಸ್ಪ್ರಿಂಗ್ ಸೀಟಿನಿಂದ ಜಾರಿ ಪಕ್ಕಕ್ಕೆ ಕೂರುತ್ತೆ.

ಗಡಸುತನ ಎಷ್ಟು ಬೇಕು ಅನ್ನೋದಕ್ಕೆ ಅಂದಾಜು ಲೆಕ್ಕ: ಮುಂದಿನ ಒಂದು ಮೂಲೆಯ ಸ್ಪ್ರಂಗ್ ತೂಕ (ಸ್ಪ್ರಿಂಗ್ ಹೊರೋ ತೂಕ) 260 ಕೆಜಿ ಅಂತ ಹಿಡಿಯಿರಿ. ಚಕ್ರದ ಹತ್ತಿರ ಅಳೆದ ಗಡಸುತನ ಮಿ.ಮೀ.ಗೆ 23 ನ್ಯೂಟನ್ ಇದ್ದರೆ ಸ್ವಾಭಾವಿಕ ಆವರ್ತನ 1.5 ಹರ್ಟ್ಜ್, 33 ಇದ್ದರೆ 1.8. ರಸ್ತೆಗೂ ಮಣ್ಣಿಗೂ ಒಂದೇ ಗಾಡಿ ಅಂದ್ರೆ 1.8 ದಾಟಬೇಡಿ. ದೇವಿಮನೆ ಘಟ್ಟದಲ್ಲಿ ಒಂದು ಸಲ ಹತ್ತಿ ಇಳಿದರೆ ಯಾಕೆ ಅಂತ ಸೊಂಟವೇ ಹೇಳುತ್ತೆ. ಹಾಗಾಗಿ ಸ್ಪ್ರಿಂಗ್ ಕಂಪನಿಯದ್ದೇ ಇರಲಿ, ದುಡ್ಡು ನಾಲ್ಕು ಹೊಸ ಗ್ಯಾಸ್ ಡ್ಯಾಂಪರಿಗೆ (ಶಾಕ್ ಅಬ್ಸಾರ್ಬರ್) ಹೋಗಲಿ. ಜೊತೆಗೆ ಸ್ಟ್ರಟ್ ಟಾಪ್ ಮೌಂಟ್, ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಆಂಟಿರೋಲ್ ಬಾರ್ (ವಾಲೋದನ್ನು ತಡೆಯೋ ಸರಳು) ಬುಷ್, ಟೈ ರಾಡ್ ಎಂಡ್. ಇಂಜಿನ್ ಮೌಂಟ್ ಒಂದಾದರೂ ಹರಿದಿರುತ್ತೆ ಅನ್ನೋದರಲ್ಲಿ ನನಗೆ ಅನುಮಾನವಿಲ್ಲ. ಬಾನೆಟ್ ತೆಗೆದು, ಹ್ಯಾಂಡ್‌ಬ್ರೇಕ್ ಹಾಕಿ, ಫಸ್ಟ್‌ನಲ್ಲಿ ಸ್ವಲ್ಪ ಕ್ಲಚ್ ಬಿಡಿ, ಆಮೇಲೆ ರಿವರ್ಸ್‌ನಲ್ಲಿ. ಇಂಜಿನ್ ಒಂದಿಂಚಿಗಿಂತ ಜಾಸ್ತಿ ತೂಗಿದರೆ ಮೌಂಟ್ ಹೋಗಿದೆ. ಗೇರ್ ಹಾರೋದು, ಹೊರಡುವಾಗ ಮುಂದಿನ ಚಕ್ರ ಕುಪ್ಪಳಿಸೋದು, ಎರಡಕ್ಕೂ ಅದೇ ಕಾರಣ.

ಪಾಲಿಯುರೆಥೇನ್ ಬುಷ್ ಎಲ್ಲ ಕಡೆ ಬೇಡ. ಆಂಟಿರೋಲ್ ಬಾರ್‌ಗೆ ಹಾಕಿ, ಲೋವರ್ ಆರ್ಮ್‌ಗೆ ಹೊಸ ರಬ್ಬರ್ ಸಾಕು. ಪಾಲಿ ಬುಷ್‌ಗೆ ಸಿಲಿಕೋನ್ ಗ್ರೀಸ್ ಹಚ್ಚದೆ ಕೂರಿಸಿದರೆ ಒಂದೇ ಮಳೆಗೆ ಕಿರುಗುಟ್ಟೋಕೆ ಶುರು.

ಅಲೈನ್‌ಮೆಂಟ್. ಮಣ್ಣಿಗೆ ಮುಂದಿನ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ಅಥವಾ ಹೊರಕ್ಕೆ ವಾಲಿರೋ ಕೋನ, ಮೈನಸ್ ಅಂದ್ರೆ ಒಳಕ್ಕೆ) ಮೈನಸ್ 1ರಿಂದ 1.5 ಡಿಗ್ರಿ, ಟಾರ್ ಮೇಲಾದರೆ 2ರಿಂದ 2.5. ಸ್ಟ್ರಟ್ ನಕಲ್‌ಗೆ (ಚಕ್ರದ ಹಬ್ ಹಿಡಿದಿರೋ ಭಾಗ) ಸೇರೋ ಎರಡು ಬೋಲ್ಟಿನಲ್ಲಿ ಮೇಲಿನದಕ್ಕೆ ಎಕ್ಸೆಂಟ್ರಿಕ್ ಕ್ಯಾಂಬರ್ ಬೋಲ್ಟ್ ಹಾಕಿದರೆ ಒಂದು, ಒಂದೂವರೆ ಡಿಗ್ರಿ ಸಿಗುತ್ತೆ. ಬಿಗಿ ಮಾಡಿದ ಮೇಲೆ ಬೋಲ್ಟ್ ತಲೆಯಿಂದ ನಕಲ್‌ವರೆಗೆ ಬಿಳಿ ಪೇಂಟಿನ ಗೆರೆ ಎಳೆಯಿರಿ. ಹೊಡೆತಕ್ಕೆ ಅದು ಜಾರುತ್ತೆ, ಗೆರೆ ತುಂಡಾಗಿದ್ದರೆ ಗೊತ್ತಾಗುತ್ತೆ. ಮುಂದೆ ಟೋ ಔಟ್ (ಚಕ್ರಗಳ ಮುಂದಿನ ಅಂಚು ಹೊರಕ್ಕೆ ತಿರುಗಿರೋದು) ಒಟ್ಟು 2 ಮಿ.ಮೀ. ರಿಮ್ಮಿನ ಅಂಚಿನಲ್ಲಿ ಅಳೆದದ್ದು. ಎಸ್ಟೀಮಿನ ಹಿಂದಿನ ಸಸ್ಪೆನ್ಷನ್ ಇಂಡಿಪೆಂಡೆಂಟ್, ಹಾಗಾಗಿ ಹಿಂದಿನ ಟೋ ಕೂಡ ನೋಡಲೇಬೇಕು. ಅಲ್ಲಿ ಒಟ್ಟು 1 ಮಿ.ಮೀ. ಔಟ್ ಕೊಟ್ಟರೆ ಗಾಡಿ ಚೆನ್ನಾಗಿ ತಿರುಗುತ್ತೆ.

ಇದಕ್ಕೆ ಹುಬ್ಬಳ್ಳಿಗೆ ಹೋಗಬೇಕಂತಿಲ್ಲ. ಗಾಳದ ಕಂಗೂಸು ದಾರ ನಿಮ್ಮೂರಲ್ಲಿ ಯಾವ ಅಂಗಡಿಯಲ್ಲೂ ಸಿಗುತ್ತೆ. ನಾಲ್ಕು ಸ್ಟ್ಯಾಂಡ್ ಇಟ್ಟು ಗಾಡಿಯ ಎರಡೂ ಬದಿ ಹಬ್ ಎತ್ತರಕ್ಕೆ ದಾರ ಬಿಗಿಯಿರಿ. ಮುಂದಿನ ಹಬ್ ಮಧ್ಯದಿಂದ ದಾರಕ್ಕೆ ಎಡ ಬಲ ಒಂದೇ ಅಂತರ ಇರಬೇಕು, ಹಿಂದಿನದಕ್ಕೂ ಹಾಗೇ. ಮುಂದಿನ ಟ್ರ್ಯಾಕ್, ಹಿಂದಿನ ಟ್ರ್ಯಾಕ್ ಬೇರೆ ಬೇರೆ ಇರೋದರಿಂದ ಮುಂದಿನ ಅಂತರವೂ ಹಿಂದಿನದೂ ಒಂದೇ ಬರಲ್ಲ, ಗಾಬರಿ ಬೇಡ. ಎರಡು ದಾರಗಳ ನಡುವಿನ ಅಗಲ ಮಾತ್ರ ಮುಂದೆ ಹಿಂದೆ ಸಮ ಇರಬೇಕು. ಈಗ ಒಂದೊಂದು ರಿಮ್ಮಿನ ಮುಂದಿನ ಅಂಚು, ಹಿಂದಿನ ಅಂಚಿನಿಂದ ದಾರಕ್ಕೆ ಸ್ಟೀಲ್ ಸ್ಕೇಲಿನಲ್ಲಿ ಅಳೆಯಿರಿ. 13 ಇಂಚಿನ ರಿಮ್‌ನಲ್ಲಿ 1 ಮಿ.ಮೀ. ವ್ಯತ್ಯಾಸ ಅಂದ್ರೆ ಸುಮಾರು 0.17 ಡಿಗ್ರಿ. ಅಳೆಯೋ ಮೊದಲು ಪ್ರತಿ ಚಕ್ರದಡಿ ಎರಡು ಕಡಪಾ ತುಂಡು, ನಡುವೆ ಗ್ರೀಸ್. ಇಲ್ಲದಿದ್ದರೆ ಜ್ಯಾಕ್ ಇಳಿಸಿದಾಗ ಟೈರ್ ನೆಲಕ್ಕೆ ಕಚ್ಚಿಕೊಂಡು ಸುಳ್ಳು ಅಳತೆ ಕೊಡುತ್ತೆ. ಅಂಗಳ ಸಮತಟ್ಟಾಗಿದೆಯಾ ಅನ್ನೋದಕ್ಕೆ ಗೌಂಡಿಗಳು ಹಿಡಿಯೋ ನೀರಿನ ಪೈಪಿನ ಮಟ್ಟವೇ ಸಾಕು. ಚಾಲಕನ ಸೀಟಿನಲ್ಲಿ ಚಾಲಕನಷ್ಟೇ ಭಾರ ಇಡಿ, ಒಂದೂವರೆ ಮೂಟೆ ಸಿಮೆಂಟ್ ಅಂದ್ರೆ 75 ಕೆಜಿ.

ಸೆಕೆಂಡ್‌ಗೇರ್:

ಹಿಂದೆ ಟೋ ಔಟ್ ಅನ್ನೋದನ್ನ ಒಪ್ಪಲ್ಲ. ಇದೇ ಗಾಡಿ ಕುಮಟಾ ದಾಟಿ ಹೈವೇಯಲ್ಲಿ ಮಳೆಯಲ್ಲೂ ಹೋಗಬೇಕು. ಹಿಂದೆ ಟೋ ಔಟ್ ಇರೋ ಹಗುರ ಗಾಡಿ 90ರಲ್ಲಿ ಒಮ್ಮೆ ಆಕ್ಸಲರೇಟರ್ ಬಿಟ್ಟರೆ ಬಾಲ ಮುಂದೆ ಬರುತ್ತೆ. ಹೊಸಬರಿಗೆ ಹಿಂದೆ ಸೊನ್ನೆ. ತಿರುಗೋದಕ್ಕೆ ಟೈರ್ ಪ್ರೆಶರ್ ಆಡಿಸಿ, ಅದು ಫ್ರೀ, ಮನೆಗೆ ಹೊರಡೋ ಮುಂಚೆ ವಾಪಸ್ ತರಬಹುದು. ಮಣ್ಣಿಗೆ ಮುಂದೆ 28, ಹಿಂದೆ 31 ಪಿಎಸ್‌ಐನಿಂದ ಶುರು ಮಾಡಿ. ಇನ್ನೂ ಮುಂದಕ್ಕೇ ಜಾರುತ್ತಾ ಇದ್ದರೆ ಹಿಂದೆ ಎರಡೆರಡು ಏರಿಸಿ. 26ಕ್ಕಿಂತ ಕೆಳಗೆ ಹೋದರೆ ಟೈರ್ ರಿಮ್ಮಿನಿಂದ ಕಳಚೋ ಭಯ. ಟೈರ್ 10 ಡಿಗ್ರಿ ಬಿಸಿಯಾದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತೆ, ಹಾಗಾಗಿ ಬೆಳಿಗ್ಗೆ ಎಂಟಕ್ಕೆ ಹಾಕಿದ ಗಾಳಿ ಮಧ್ಯಾಹ್ನ ಬಿಸಿಲಿಗೆ ಅದೇ ಇರಲ್ಲ. ಪ್ರತಿ ಓಟಕ್ಕೆ ಮೊದಲು ಅಳೆಯಿರಿ. ಪೆಟ್ರೋಲ್ ಬಂಕಿನ ಮೀಟರ್ ನಂಬಬೇಡಿ, ಸ್ವಂತ ಗೇಜ್ ಒಂದೇ ಇರಲಿ.

ಓಪನ್ ಡಿಫರೆನ್ಷಿಯಲ್ (ಎಡ ಬಲ ಚಕ್ರಕ್ಕೆ ಶಕ್ತಿ ಹಂಚೋ ಮಾಮೂಲಿ ಗೇರ್) ಇರೋದರಿಂದ ಬಿಗಿ ತಿರುವಿನ ಕೊನೆಯಲ್ಲಿ ಒಳಗಿನ ಮುಂಚಕ್ರ ಸುಮ್ಮನೆ ಗರಗರ ತಿರುಗುತ್ತೆ. ಆ ತಿರುಗುವಿಕೆ ತಡೆಯೋ ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್) ನಿಮ್ಮ ಬಜೆಟ್ಟಿನಲ್ಲಿಲ್ಲ. ಹಿಂದಿನ ಆಂಟಿರೋಲ್ ಗಡಸು ಮಾಡಿದರೆ ವಾಲಿದಾಗ ಭಾರದ ಹೆಚ್ಚು ಪಾಲನ್ನು ಹಿಂದಿನ ಹೊರಚಕ್ರ ಹೊರುತ್ತೆ, ಮುಂದಿನ ಒಳಚಕ್ರಕ್ಕೆ ನೆಲ ಸಿಗುತ್ತೆ. ಹಿಂದಿನ ಒಳಚಕ್ರ ಗಾಳಿಯಲ್ಲಿ ಎತ್ತಿದರೂ ಪರವಾಗಿಲ್ಲ, ಅದಕ್ಕೇನೂ ಕೆಲಸ ಇಲ್ಲ.

ಯೂಟರ್ನ್ ಕೋನ್‌ಗೆ ಹ್ಯಾಂಡ್‌ಬ್ರೇಕೇ ದೊಡ್ಡ ಅಸ್ತ್ರ. ಮೊದಲು ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿ ಧೂಳು ತೊಳೆದು, ಶೂ ಅಡ್ಜಸ್ಟರ್ ತುಕ್ಕು ಬಿಡಿಸಿ, ಶೂ ಡ್ರಮ್ಮಿಗೆ ಸ್ವಲ್ಪವೇ ಸವರೋ ಹಾಗೆ ಮಾಡಿ. ಅದಾದ ಮೇಲೆ ಕೇಬಲ್. ಉಲ್ಟಾ ಮಾಡಿ ಕೇಬಲ್ ಮಾತ್ರ ಬಿಗಿದರೆ ಶೂ ಅರ್ಧ ತೆರೆದೇ ಇರುತ್ತೆ, ಡ್ರಮ್ ಬಿಸಿಯಾಗಿ ಒಂದೇ ಕಡೆ ಹಿಡಿಯುತ್ತೆ. ನಾಲ್ಕು ಕ್ಲಿಕ್ಕಿಗೆ ಎರಡೂ ಚಕ್ರ ಒಟ್ಟಿಗೆ ಲಾಕ್ ಆಗಬೇಕು. ಎಳೆಯುವಾಗ ಕ್ಲಚ್ ಒತ್ತಿರಬೇಕು, ಇಲ್ಲದಿದ್ದರೆ ವೇಗ ಬಿದ್ದು ಇಂಜಿನ್ ಆಫ್ ಆಗಬಹುದು. ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್ ಹಾಕೋ ಮೊದಲು ನಿಯಮ ಪುಸ್ತಕ ನೋಡಿ. ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಕ್ರೀಡೆಗಳ ಒಕ್ಕೂಟ) ಮಾನ್ಯತೆಯ ಸ್ಪರ್ಧೆಗಳಲ್ಲಿ ಆಯೋಜಕರು ಪೂರಕ ನಿಯಮಾವಳಿ ಕೊಡ್ತಾರೆ. ಯಾವ ಬದಲಾವಣೆ ನಿಮ್ಮನ್ನು ಯಾವ ಕ್ಲಾಸಿಗೆ ತಳ್ಳುತ್ತೆ ಅನ್ನೋದು ಅದರಲ್ಲಿರುತ್ತೆ. ಒಂದು ಬುಷ್ ಖರೀದಿಗೂ ಮುಂಚೆ ಅದನ್ನ ಓದಿ.

ಆಮೇಲೆ ದಯವಿಟ್ಟು ಪ್ರ್ಯಾಕ್ಟೀಸ್‌ಗೆ ಬೀಚಿಗೆ ಇಳಿಸಬೇಡಿ. ಉಪ್ಪು ಮರಳು ಡ್ರಮ್ಮಿಗೆ, ವೀಲ್ ಬೇರಿಂಗಿಗೆ ಹೋದರೆ ಸ್ಪ್ಯಾನರ್ ಹೇಳಿದ ವೆಲ್ಡಿಂಗ್ ಎಲ್ಲ ನೀರಲ್ಲಿ ಹೋಮ. ನಮ್ಮ ಕರಾವಳಿಯಲ್ಲಿ ಚಳಿಗಾಲ ಕಡಲಾಮೆ ಮೊಟ್ಟೆ ಇಡೋ ಕಾಲ ಕೂಡ. ಮಾಲೀಕರ ಒಪ್ಪಿಗೆ ಇರೋ ಖಾಸಗಿ ಬಯಲು ಹುಡುಕಿ, ಆರು ಕೋನ್ ಸಾಕು.

ಘಟ್ಟದಮೇಲೆ_31:

ಟೋ ವಿಷಯದಲ್ಲಿ ಸೋತೆ. ರಸ್ತೆಗೂ ಅದೇ ಗಾಡಿ ಅಂತ ಪ್ರಶ್ನೆಯಲ್ಲೇ ಇತ್ತು, ನಾನು ಟ್ರೈಲರ್ ಮೇಲೆ ಹೋಗೋ ಗಾಡಿಯ ಲೆಕ್ಕ ಹೇಳಿಬಿಟ್ಟೆ. ಹಿಂದೆ ಸೊನ್ನೆ ಇಡಿ.

ಉಪ್ಪುಗಾಳಿ_30:

ಎಲ್ಲರಿಗೂ ಧನ್ಯವಾದ. ಎಡಗಡೆ ಸಿಲ್ ದಪ್ ಅಂತಿದೆ, ಸ್ಕ್ರೂಡ್ರೈವರ್ ಒಳಗೇ ಹೋಯ್ತು. ಟವರ್ ಎರಡೂ ಚೆನ್ನಾಗಿವೆ. ಕಂಪ್ರೆಷನ್ (ನಾಲ್ಕೂ ಸಿಲಿಂಡರ್‌ಗಳ ಒತ್ತಡ) ನೋಡಿಸಿದೆ: 180, 184, 148, 178 ಪಿಎಸ್‌ಐ. ಮೂರನೇದಕ್ಕೆ ಇಂಜಿನ್ ಬಿಚ್ಚಲೇಬೇಕಾ? ಮೆಕ್ಯಾನಿಕ್ ಪೂರ್ತಿ ಬೋರ್ ಕೆಲಸ ಅಂತಿದ್ದಾರೆ. ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲ್ ಈ ವಯಸ್ಸಿನ ಗಾಡಿಗೆ ಏನಾದರೂ ಮಾಡಿಕೊಡಬೇಕಾ?

ಚಿರೆಕಲ್ಲು:

ಬಿಚ್ಚೋದು ಕೊನೆಗೆ. ಮೊದಲು ಅಳತೆ ಸರಿಯಾಗಿ ತೆಗೆದಿದ್ದಾರಾ ಕೇಳಿ. ಇಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ತೆಗೆದಿರಬೇಕು, ಫ್ಯುಯಲ್ ಪಂಪ್ ರಿಲೇ ಮತ್ತು ಇಗ್ನಿಷನ್ ಕನೆಕ್ಟರ್ ಬಿಚ್ಚಿರಬೇಕು, ಆಕ್ಸಲರೇಟರ್ ಪೂರ್ತಿ ಒತ್ತಿರಬೇಕು, ಬ್ಯಾಟರಿ ಫುಲ್. ಐದಾರು ಸುತ್ತು ಕ್ರ್ಯಾಂಕ್. ಸಿಲಿಂಡರ್‌ಗಳ ನಡುವೆ 14 ಪಿಎಸ್‌ಐಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ನಿಮ್ಮದು 36, ಹಾಗಾಗಿ ತೊಂದರೆ ಇರೋದು ನಿಜ.

ಈಗ ಮೂರನೇ ಪ್ಲಗ್ ತೂತಿನಿಂದ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. 170ರ ಮೇಲೆ ಹೋದರೆ ರಿಂಗ್ ಅಥವಾ ಬೋರ್, ಮೆಕ್ಯಾನಿಕ್ ಹೇಳಿದ್ದೇ ಸರಿ. 150ರ ಆಸುಪಾಸಲ್ಲೇ ನಿಂತರೆ ವಾಲ್ವ್. ವಾಲ್ವ್ ಅಂದ ತಕ್ಷಣ ಹೆಡ್ ತೆಗೆಯಬೇಡಿ, ಟ್ಯಾಪೆಟ್ (ವಾಲ್ವಿಗೂ ಅದನ್ನು ಒತ್ತೋ ರಾಕರಿಗೂ ನಡುವಿನ ಗ್ಯಾಪ್) ನೋಡಿ. ಎಕ್ಸಾಸ್ಟ್ ವಾಲ್ವಿನ ಗ್ಯಾಪ್ ಕಾಲಕ್ರಮೇಣ ಕಡಿಮೆಯಾಗುತ್ತೆ. ವಾಲ್ವ್ ಪೂರ್ತಿ ಮುಚ್ಚಲ್ಲ, ಕಂಪ್ರೆಷನ್ ಸೋರುತ್ತೆ. ತಣ್ಣಗಿನ ಇಂಜಿನ್‌ಗೆ ಮ್ಯಾನುಯಲ್‌ನಲ್ಲಿರೋ ಗ್ಯಾಪ್‌ಗೆ ಫೀಲರ್ ಗೇಜಿನಲ್ಲಿ ರಾಕರ್ ಸ್ಕ್ರೂ ಹೊಂದಿಸಿ, ಒಂದು 50 ಕಿ.ಮೀ. ಓಡಿಸಿ, ಮತ್ತೆ ಅಳೆಯಿರಿ. ಏರದಿದ್ದರೆ ಮಾತ್ರ ಹೆಡ್ ಇಳಿಸಿ ವಾಲ್ವ್ ಗ್ರೈಂಡಿಂಗ್. ಜಿ13 ಇಂಜಿನ್ ಜಿಪ್ಸಿ ಕಿಂಗ್‌ನಲ್ಲೂ ಮೊದಲ ತಲೆಮಾರಿನ ಸ್ವಿಫ್ಟ್ 1.3 ಪೆಟ್ರೋಲಿನಲ್ಲೂ ಇದೆ. ಗ್ಯಾಸ್ಕೆಟ್, ವಾಲ್ವ್, ರಿಂಗ್ ಸಿಗದೆ ನಿಲ್ಲಲ್ಲ. ಇಸಿಯು ಮಾತ್ರ ಅದಲು ಬದಲು ಮಾಡಬೇಡಿ.

ಇ20ಯಲ್ಲಿ ಎರಡು ತೊಂದರೆ. ಮೊದಲನೆಯದು ರಬ್ಬರ್. 2004ರ ಫ್ಯುಯಲ್ ಹೋಸ್ ಎಥನಾಲ್‌ಗೆ ಅಂತ ಮಾಡಿದ್ದಲ್ಲ, ಉಬ್ಬಿ ಮೆತ್ತಗಾಗುತ್ತೆ. ಟ್ಯಾಂಕಿನಿಂದ ರೈಲ್‌ವರೆಗಿನ ಎಲ್ಲ ರಬ್ಬರ್ ತುಂಡು ತೆಗೆದು ಎಸ್‌ಎಇ ಜೆ30ಆರ್9 ಅಂತ ಮೈಮೇಲೆ ಅಚ್ಚಾಗಿರೋ ಹೋಸ್ ಹಾಕಿ. ಹಲ್ಲಿನ ಕ್ಲಿಪ್ ಅಲ್ಲ, ನುಣುಪಾದ ಇಂಜೆಕ್ಷನ್ ಕ್ಲಿಪ್. ಇಂಜೆಕ್ಟರ್ ಒ ರಿಂಗ್ ಕೂಡ. ಎಥನಾಲ್ ನೀರು ಎಳೆಯುತ್ತೆ. ಕಾರವಾರದ ಜುಲೈ ಹವೆಯಲ್ಲಿ ಕಾಲು ಟ್ಯಾಂಕ್ ಇಟ್ಟು ಎರಡು ತಿಂಗಳು ನಿಲ್ಲಿಸಿದರೆ ನೀರು, ಎಥನಾಲ್ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಕೂರಬಹುದು. ಪಂಪ್ ಎಳೆಯೋದು ಅಲ್ಲಿಂದಲೇ. ಮಳೆಗಾಲ ನಿಲ್ಲಿಸೋದಾದರೆ ಟ್ಯಾಂಕ್ ತುಂಬಿಸಿಡಿ, ಫಿಲ್ಟರನ್ನು ಮಳೆ ಮುಗಿದ ಮೇಲೆ ಬದಲಿಸಿ.

ಎರಡನೆಯದು ಮಿಶ್ರಣ. ಬರೀ ಪೆಟ್ರೋಲಿಗೆ ಗಾಳಿ ಇಂಧನ ಅನುಪಾತ 14.7, ಇ20ಗೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಶೇ. 8, 9ರಷ್ಟು ಇಂಧನ ಜಾಸ್ತಿ ಬೇಕು. ಸಾಮಾನ್ಯ ಓಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಸರಿಮಾಡುತ್ತೆ. ಪೂರ್ತಿ ಒತ್ತಿದಾಗ ಹಳೇ ಇಸಿಯು ಸೆನ್ಸರ್ ಮಾತು ಕೇಳಲ್ಲ, ಒಳಗಿನ ಕೋಷ್ಟಕದ ಪ್ರಕಾರ ಹಾಕುತ್ತೆ, ಅಲ್ಲಿ ಲೀನ್ ಆಗುತ್ತೆ, ಅಂದರೆ ಇಂಧನ ಸಾಲಲ್ಲ. ಒಂದು ವೈಡ್‌ಬ್ಯಾಂಡ್ ಮೀಟರ್ (ಹೊಗೆಯಿಂದ ಮಿಶ್ರಣ ಅಳೆಯೋದು) ಸಾಲ ತಂದು ಪೂರ್ತಿ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ (ಸರಿಯಾದ ಮಿಶ್ರಣಕ್ಕೆ 1, ಇಂಧನ ಜಾಸ್ತಿಯಾದರೆ ಅದಕ್ಕಿಂತ ಕಡಿಮೆ) ನೋಡಿ. 0.87ರಿಂದ 0.90 ಇದ್ದರೆ ಏನೂ ಮುಟ್ಟಬೇಡಿ. 0.95 ದಾಟಿದರೆ ಹೊಂದಿಸಬಹುದಾದ ಪ್ರೆಶರ್ ರೆಗ್ಯುಲೇಟರ್ ಅಗ್ಗದ ದಾರಿ. ಇಂಧನದ ಹರಿವು ಒತ್ತಡದ ವರ್ಗಮೂಲದಷ್ಟು ಏರುತ್ತೆ, ಉದಾಹರಣೆಗೆ 2.5 ಬಾರ್ ಇದ್ದದ್ದು 3 ಆದರೆ ಶೇ. 9.5. ಮೀಟರನ್ನು ಅನುಪಾತದಲ್ಲಲ್ಲ, ಲ್ಯಾಂಬ್ಡಾದಲ್ಲೇ ಓದಿ. ಅದು ತೋರಿಸೋ 12.9 ಪೆಟ್ರೋಲ್ ಲೆಕ್ಕದ್ದು, ಇ20ಗೆ ಹೊಂದಲ್ಲ.

ಸ್ಪರ್ಧೆಯ ದಿನ ಆಯಿಲ್ ಫುಲ್ ಮಾರ್ಕಿಗೆ ಸರಿಯಾಗಿ ಇರಲಿ, ಪೆಟ್ರೋಲ್ ಅರ್ಧ ಟ್ಯಾಂಕ್. ಕಾಲಿಗಿಂತ ಕಡಿಮೆ ಇದ್ದರೆ ಉದ್ದ ತಿರುವಿನಲ್ಲಿ ಪಂಪ್ ಗಾಳಿ ಕುಡಿಯುತ್ತೆ, ಇಂಜಿನ್ ಸರಿಯಾಗಿ ಕೋನ್ ಹತ್ತಿರವೇ ಕೆಮ್ಮುತ್ತೆ. ಜನ ಅದಕ್ಕೆ ಪ್ಲಗ್, ಕಾಯಿಲ್ ಬದಲಿಸುತ್ತಾ ಕೂರ್ತಾರೆ.

ಬ್ರೇಕ್ ಬಗ್ಗೆ ಯಾರೂ ಹೇಳಲಿಲ್ಲ. ರೇಸಿಂಗ್ ಪ್ಯಾಡ್ ಬೇಡ. ಅದು ಬಿಸಿಯಾದ ಮೇಲೆ ಹಿಡಿಯೋದು, ಒಂದು ನಿಮಿಷದಲ್ಲಿ ನಿಮ್ಮ ಓಟವೇ ಮುಗಿದಿರುತ್ತೆ. ಒಳ್ಳೆ ಕಂಪನಿಯ ಮಾಮೂಲಿ ಪ್ಯಾಡ್, ಹೊಸ ಡಾಟ್ 4 ಬ್ರೇಕ್ ಆಯಿಲ್. ಹೊಸ ಡಾಟ್ 4 ಕುದಿಯೋದು ಕನಿಷ್ಠ 230 ಡಿಗ್ರಿಗೆ, ನೀರು ಎಳೆದ ಮೇಲೆ ಆ ಕನಿಷ್ಠ ಮಿತಿ 155ಕ್ಕೇ. ನಮ್ಮ ಕರಾವಳಿಯ ಹವೆಗೆ ವರ್ಷಕ್ಕೊಮ್ಮೆ ಬದಲಿಸೋದು ಅತಿ ಅಲ್ಲ. ಡಾಟ್ 5 ಬೇರೆಯೇ ಜಾತಿ, ಸಿಲಿಕೋನ್. ಇದರ ಜೊತೆ ಬೆರೆಸಬಾರದು. ಬ್ಲೀಡಿಂಗ್ ನಿಪ್ಪಲ್ ತುಕ್ಕು ಹಿಡಿದಿರುತ್ತೆ. ಹಿಂದಿನ ದಿನವೇ ತುಕ್ಕು ಬಿಡಿಸೋ ಎಣ್ಣೆ ಹಾಕಿ, ಆರು ಮೂಲೆಯ ಸಾಕೆಟ್ಟೇ ಹಾಕಿ. ಹನ್ನೆರಡು ಮೂಲೆಯದ್ದು ತಲೆ ಸವೆಸಿಬಿಡುತ್ತೆ.

ಉಪ್ಪುಗಾಳಿ_30:

ಆಯಿಲ್ ಹಾಕಿದ ಮೇಲೂ 150. ಟ್ಯಾಪೆಟ್ ನೋಡಿದಾಗ ಮೂರನೇ ಸಿಲಿಂಡರಿನ ಒಂದು ಎಕ್ಸಾಸ್ಟ್‌ಗೆ ಅತಿ ಸಣ್ಣ ಫೀಲರ್ ಎಲೆಯೂ ಹೋಗ್ತಿರಲಿಲ್ಲ. ಹೊಂದಿಸಿ ಓಡಿಸಿದ ಮೇಲೆ 171. ಸದ್ಯಕ್ಕೆ ಬೋರ್ ಕೆಲಸ ಬಿಟ್ಟೆ. ಕೊನೇ ಪ್ರಶ್ನೆ: ರೋಲ್ ಕೇಜ್ (ಗಾಡಿ ಮಗುಚಿದರೆ ಕಾಪಾಡೋ ಒಳಗಿನ ಉಕ್ಕಿನ ಪೈಪುಗಳ ಗೂಡು), ಫೋರ್ ಪಾಯಿಂಟ್ ಬೆಲ್ಟ್ ಈಗಲೇ ಹಾಕಿಸಲಾ?

ಹತ್ತೊಂಬತ್ತರ_ಸ್ಪ್ಯಾನರ್:

171 ಆದರೆ ವ್ಯತ್ಯಾಸ 13, ಮಿತಿಯ ಅಂಚಿನಲ್ಲೇ ಒಳಗಿದೆ. ಸಾವಿರ ಕಿ.ಮೀ. ಆದ ಮೇಲೆ ಮತ್ತೆ ಗ್ಯಾಪ್ ನೋಡಿ. ಪುನಃ ಬಿಗಿಯಾಗಿದ್ದರೆ ವಾಲ್ವ್ ಸೀಟ್ ಒಳಗಿಳಿಯುತ್ತಿದೆ ಅಂತ, ಆಗ ಹೆಡ್ ಕೆಲಸ ತಪ್ಪಲ್ಲ.

ಕೇಜ್ ಬೇಡ, ನಿಮ್ಮ ಕ್ಲಾಸಿನ ನಿಯಮ ಕೇಳದ ಹೊರತು. ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದೆ ಕೂತಾಗ ತಲೆ ಪಕ್ಕದ ಉಕ್ಕಿನ ಪೈಪು ಸಣ್ಣ ಅಪಘಾತವನ್ನೂ ದೊಡ್ಡದು ಮಾಡುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರ ವಿವರಕ್ಕೆ ವಿರುದ್ಧವಾದ ಬದಲಾವಣೆ ಆರ್‌ಸಿಗೆ ತೊಡಕು. ಇನ್ನು ಇನ್ಶೂರೆನ್ಸ್. ನಿಮ್ಮ ಪಾಲಿಸಿ ತೆಗೆದು 'ಬಳಕೆಯ ಮಿತಿ' ಅನ್ನೋ ಭಾಗ ಓದಿ. ರೇಸ್, ವೇಗ ಪರೀಕ್ಷೆಗೆ ಕವರ್ ಇಲ್ಲ ಅಂತ ಅಲ್ಲೇ ಇರುತ್ತೆ. ಟ್ರ್ಯಾಕಿನಲ್ಲಿ ಆದದ್ದಕ್ಕೆ ನಿಮ್ಮದೇ ಜೇಬು.

ಫೋರ್ ಪಾಯಿಂಟ್ ಬೆಲ್ಟಿನ ಭುಜದ ಪಟ್ಟಿಯನ್ನು ಸೀಟಿನ ಹಿಂದೆಯೇ ನೆಲಕ್ಕೆ ಬಿಗಿದವರನ್ನು ನೋಡಿ ಕಲಿಯಬೇಡಿ. ಹೊಡೆತ ಬಿದ್ದಾಗ ಭುಜವನ್ನು ಕೆಳಕ್ಕೆ ಎಳೆದು ಬೆನ್ನುಮೂಳೆ ಜಜ್ಜುತ್ತೆ. ಸೀಟಿನ ಮೇಲಂಚಿನಿಂದ ಹಿಂದಕ್ಕೆ ಹೋಗೋ ಪಟ್ಟಿ ಅಡ್ಡಗೆರೆಯಿಂದ 45 ಡಿಗ್ರಿಗಿಂತ ಕೆಳಗಿಳಿಯಬಾರದು, 10ರೊಳಗಿದ್ದರೆ ಒಳ್ಳೆಯದು. ಹಿಂದಿನ ಸೀಟ್ ಬೆಲ್ಟಿನ ಕಾರ್ಖಾನೆ ಬೋಲ್ಟ್ ತೂತುಗಳನ್ನು ಬಳಸಿದಾಗ ಕೋನ ಎಷ್ಟು ಬರುತ್ತೆ, ಮೊದಲು ದಾರ ಹಿಡಿದು ನೋಡಿ. ಹೊಂದದಿದ್ದರೆ ಕಂಪನಿಯ ತ್ರೀ ಪಾಯಿಂಟ್ ಬೆಲ್ಟೇ ಮೇಲು. ಸೀಟ್ ಹಿಂದಕ್ಕೆ ತಳ್ಳಿ, ಬೆಲ್ಟ್ ಜರ್ಕ್ ಕೊಟ್ಟು ಲಾಕ್ ಮಾಡಿಸಿ, ಸೀಟ್ ಮತ್ತೆ ಮುಂದಕ್ಕೆ ಎಳೆದರೆ ಸೊಂಟ ಅಲುಗಾಡಲ್ಲ. ದುಡ್ಡು ಹೆಲ್ಮೆಟ್, 2 ಕೆಜಿ ಅಗ್ನಿಶಾಮಕ, ಅದನ್ನು ಕೂರಿಸೋ ಲೋಹದ ಪಟ್ಟಿಯ ಬ್ರ್ಯಾಕೆಟ್‌ಗೆ ಹೋಗಲಿ. ಬ್ಯಾಟರಿ ಕ್ಲ್ಯಾಂಪ್ ಕೈಯಿಂದ ಅಲುಗಾಡಿಸಿ ನೋಡಿ, ತುಕ್ಕಿಗೆ ಮೊದಲು ಹೋಗೋದು ಅದೇ.

ಓಟ ಮುಗಿದು ಮನೆಗೆ ಹೊರಡೋ ಮುಂಚೆ ಮುಂದೆ ಹಿಂದೆ ಗಾಳಿ ಮಾಮೂಲಿಗೆ ತನ್ನಿ, ವೀಲ್ ನಟ್ ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ನೋಡಿ, ಕ್ಯಾಂಬರ್ ಬೋಲ್ಟಿನ ಬಿಳಿ ಗೆರೆ ನೋಡಿ. ಮನೆಗೆ ಬಂದ ರಾತ್ರಿಯೇ ಸಿಹಿನೀರಿನ ಪೈಪ್ ಹಿಡಿದು ಚಕ್ರದ ಕಮಾನಿನೊಳಗೆ, ಸಿಲ್‌ನ ತೂತುಗಳಿಗೆ ಬಿಡಿ, ಹೊರಗೆ ಬರೋ ನೀರು ಕೆಂಪು ಬಿಡೋವರೆಗೆ.